ನೋವು ಸುರುವಾಗಿದ್ದು ಎಷ್ಟೊತ್ತಿಗೆ? ಒಂದು ಥೀಸಿಸ್‌ನ ಅನುಭವ

ಎಕ್ಸೆಲ್ ಹಾಳೆಯಲ್ಲಿ ಮೈನಸ್ 14 ಅಂತ ಕಂಡಾಗ ನಂಬರ್ ಹೊಡೆಯುವಾಗ ಕೈ ತಪ್ಪಿರಬೇಕು ಅಂದುಕೊಂಡೆ. ಅದು ಹೃದಯಾಘಾತವಾಗಿ ಬಂದವರಿಗೆ ಇಸಿಜಿ ತೆಗೆದ ಹೊತ್ತಿನಿಂದ ಹೆಪ್ಪು ಕರಗಿಸುವ ಇಂಜೆಕ್ಷನ್ ಸುರು ಮಾಡುವವರೆಗಿನ ನಿಮಿಷಗಳ ಕಾಲಂ. ಮೈನಸ್ ಅಂದರೆ ಇಸಿಜಿ ತೆಗೆಯುವ ಮೊದಲೇ ಇಂಜೆಕ್ಷನ್ ಹೋಗಿದೆ ಅಂತ. ಹಾಗೆ ಯಾರೂ ಮಾಡುವುದಿಲ್ಲ. ಕೇಸ್ ಶೀಟ್ ತಂದು ನೋಡಿದೆ. ನಂಬರ್ ಸರಿಯಾಗಿಯೇ ಇತ್ತು. ಎರಡು ಸಾಲು ಕೆಳಗೆ ಇನ್ನೊಬ್ಬರು, ಮೈನಸ್ 6.

ಆ ರಾತ್ರಿ ಕ್ಯಾಜುವಾಲ್ಟಿಗೆ ಹೋಗಿ ನಿಂತು ನೋಡಿದೆ. ನನ್ನ ಮೊಬೈಲ್‌ನಲ್ಲಿ 10.33. ಗೋಡೆ ಗಡಿಯಾರದಲ್ಲಿ 10.40. ಇಸಿಜಿ ಮಷಿನ್‌ನಲ್ಲಿ 11.10. ಸಿಸ್ಟರ್‌ಗಳು ಇಂಜೆಕ್ಷನ್ ಹೊತ್ತನ್ನು ಗೋಡೆ ನೋಡಿ ಬರೆಯುತ್ತಿದ್ದರು. ಇಸಿಜಿ ಹೊತ್ತನ್ನು ಮಷಿನ್ ತಾನೇ ಕಾಗದದ ಮೇಲೆ ಒತ್ತುತ್ತಿತ್ತು. ಎರಡರ ನಡುವೆ ಅರ್ಧ ಗಂಟೆ ಫರಕು. ಅದರೊಳಗೇ ನಾನು ಮೂರು ತಿಂಗಳಿಂದ ಕೂಡಿಸಿ ಕಳೆದು, ಸಂಶೋಧನೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ನಾನು ಆಳಂದ ತಾಲೂಕಿನವಳು. ಎಂಡಿ ಮೆಡಿಸಿನ್ ಓದಿದ್ದು ಕಲಬುರಗಿಯಲ್ಲಿ. ಥೀಸಿಸ್ ಬರೆಯದೆ ಎಂಡಿ ಮುಗಿಯುವುದಿಲ್ಲ. 2022ರಲ್ಲಿ ಸಿನಾಪ್ಸಿಸ್, ಅಂದರೆ ಥೀಸಿಸ್‌ನ ಯೋಜನೆ, ಬರೆಯಲು ಕೂತಾಗ ತಲೆ ತುಂಬಾ ದೊಡ್ಡ ವಿಷಯಗಳೇ. ಜೀನ್, ಹೊಸ ಹೊಸ ಬಯೋಮಾರ್ಕರ್. ಗೈಡ್ ಸರ್ ಒಂದೇ ಮಾತು ಕೇಳಿದರು. "ಆ ಟೆಸ್ಟ್ ನಮ್ಮ ಲ್ಯಾಬ್‌ನಾಗ ಆಗ್ತದೇನು? ರೊಕ್ಕ ಯಾರ್ ಕೊಡ್ತಾರ?" ನಾನು ಸುಮ್ಮನಾದೆ. "ದಿನಾ ಕಣ್ಣ ಮುಂದ ಏನ್ ತಪ್ಪಾಗ್ಲಿಕತ್ತದ, ಅದನ್ನ ಎಣಿಸು" ಅಂದರು.

ತಪ್ಪಾಗುತ್ತಿದ್ದದ್ದು ಒಂದೇ. ಜನ ತಡವಾಗಿ ಬರುತ್ತಿದ್ದರು. ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡ ಮೇಲೆ ಅದರ ಹಿಂದಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. 1986ರಲ್ಲಿ ಇಟಲಿಯ ಜಿಸ್ಸಿ ಅಧ್ಯಯನ ಇದನ್ನು 11,000ಕ್ಕೂ ಜಾಸ್ತಿ ರೋಗಿಗಳಲ್ಲಿ ತೋರಿಸಿತು. ಮೊದಲ ಗಂಟೆಯೊಳಗೆ ಸ್ಟ್ರೆಪ್ಟೋಕೈನೇಸ್ ಅನ್ನುವ ಹೆಪ್ಪು ಕರಗಿಸುವ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಆರು ಗಂಟೆ ದಾಟಿದವರಲ್ಲಿ ಅಂಥ ಲಾಭ ಕಾಣಲಿಲ್ಲ. ನಮ್ಮ ದೇಶದ್ದು ಗೊತ್ತಾಗಬೇಕಾದರೆ ಕ್ರಿಯೇಟ್ ರಿಜಿಸ್ಟ್ರಿ, ಅಂದರೆ ಹೃದಯ ರೋಗಿಗಳ ದಾಖಲೆ, ನೋಡಬೇಕು. 2008ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 50 ಊರು, 89 ಆಸ್ಪತ್ರೆ, 20,468 ರೋಗಿಗಳು. ಲಕ್ಷಣ ಸುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಮೀಡಿಯನ್, ಅಂದರೆ ನಟ್ಟನಡುವಿನ, ಹೊತ್ತು 360 ನಿಮಿಷ. ಅಂದರೆ ಆ ಆರು ಗಂಟೆ ಮನೆಯಲ್ಲಿ, ದಾರಿಯಲ್ಲೇ ಕಳೆದುಹೋಗಿತ್ತು.

ಕಲಬುರಗಿಯಲ್ಲಿ ಆ ಹೊತ್ತು ಎಲ್ಲಿ ಹೋಗುತ್ತದೆ? ಮನೆಯಲ್ಲೋ, ಗುಳಿಗಿ ಅಂಗಡಿಯಲ್ಲೋ, ಬಸ್ ಸ್ಟ್ಯಾಂಡಿನಲ್ಲೋ, ನಮ್ಮ ಕ್ಯಾಜುವಾಲ್ಟಿಯಲ್ಲೋ? ಇದೇ ನನ್ನ ವಿಷಯವಾಯಿತು.

ಎಷ್ಟು ರೋಗಿಗಳು ಬೇಕು ಅನ್ನುವುದಕ್ಕೆ ನಮ್ಮಲ್ಲಿ ಒಂದು ಹಳೆಯ ಸೂತ್ರ ಇದೆ. 4 ಪಿಕ್ಯೂ ಭಾಗಿಸು ಡಿ ಸ್ಕ್ವೇರ್. ಪಿ ಅಂದರೆ ನಾವು ಹುಡುಕುವುದು ನೂರರಲ್ಲಿ ಎಷ್ಟು ಜನರಲ್ಲಿ ಇರಬಹುದು ಅನ್ನುವ ಅಂದಾಜು, ಕ್ಯೂ ಅಂದರೆ ಉಳಿದವರು, ಡಿ ಅಂದರೆ ಎಷ್ಟು ತಪ್ಪಿದರೂ ನಡೆಯುತ್ತದೆ ಅನ್ನುವುದು. ಪಿ 50, ಕ್ಯೂ 50, ಡಿ 10 ಹಾಕಿ ನೋಡಿ, ಉತ್ತರ ಸರಿಯಾಗಿ 100. ಲೈಬ್ರರಿಯ ಅಷ್ಟೊಂದು ಥೀಸಿಸ್‌ಗಳಲ್ಲಿ 100 ಕೇಸೇ ಯಾಕಿರುತ್ತವೆ ಅಂತ ನನಗೆ ಆವತ್ತು ಗೊತ್ತಾಯಿತು. ತಪ್ಪೇನಲ್ಲ. ಆದರೆ ಡಿ 10 ಅಂದರೆ ನನ್ನ ಉತ್ತರ ಆ ಕಡೆ ಹತ್ತು, ಈ ಕಡೆ ಹತ್ತು ಜಾರಬಹುದು ಅಂತ ಒಪ್ಪಿಕೊಂಡ ಹಾಗೆ. ಸೂತ್ರ ಬರೆದವರು ಬಹಳ, ಈ ಮಾತು ಬರೆದವರು ಕಡಿಮೆ.

ಎಥಿಕ್ಸ್ ಕಮಿಟಿಯವರು ಕಾಡಿಸುತ್ತಾರೆ ಅಂತ ಸೀನಿಯರ್‌ಗಳು ಹೆದರಿಸಿದ್ದರು. ಅವರು ಕೇಳಿದ ಪ್ರಶ್ನೆಗಳಿಂದ ನನಗೆ ಲಾಭವೇ ಆಯಿತು. ಎದೆ ಹಿಡಿದುಕೊಂಡು ಬಂದ ಮನುಷ್ಯನ ಕೈಯಲ್ಲಿ ಸಹಿ ಹಾಕಿಸಿಕೊಳ್ಳುವುದು ಒಪ್ಪಿಗೆ ಹೇಗಾಗುತ್ತದೆ ಅಂದರು. ಹಾಗಾಗಿ ಮೊದಲು ಚಿಕಿತ್ಸೆ. ಮರುದಿನ, ನೋವು ಇಳಿದು ಚಹಾ ಕುಡಿಯುವಷ್ಟು ಆರಾಮಾದ ಮೇಲೆ ನನ್ನ ಪ್ರಶ್ನೆ. ಓದು ಬರದವರು ಹೆಬ್ಬೆಟ್ಟು ಒತ್ತುವುದಾದರೆ, ನಮ್ಮ ಕಡೆಯವರಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಪಕ್ಕದ ಬೆಡ್ಡಿನವರ ಅಳಿಯನೋ ಮಗಳೋ ಎಷ್ಟೋ ಸಲ ಆ ಕೆಲಸ ಮಾಡಿಕೊಟ್ಟರು.

ಒಪ್ಪಿಗೆ ಪತ್ರದ ಮೊದಲ ಸಾಲಿನಲ್ಲೇ "ಸಂಶೋಧನೆ" ಅಂತ ಇತ್ತು. ಚಿತ್ತಾಪುರ ಕಡೆಯ ಒಬ್ಬರು ಕೇಳಿಯೇ ಬಿಟ್ಟರು. "ನಮ್ಮ ಮ್ಯಾಲ ಪ್ರಯೋಗ ಮಾಡ್ತೀರೇನ್ರಿ ಮೇಡಂ?" ಆಮೇಲೆ ನಾನು ಕಾಗದ ಕೊಡುವ ಮೊದಲು ಬಾಯಲ್ಲಿ ಹೇಳುವುದನ್ನು ರೂಢಿ ಮಾಡಿಕೊಂಡೆ. "ನಿಮ್ಮ ಔಷಧದಾಗ ಏನೂ ಬದಲಾಗಂಗಿಲ್ರಿ. ಊರಿಂದ ಇಲ್ಲಿಗಿ ಬರ್ಲಿಕ್ಕಿ ಎಷ್ಟೊತ್ತು ಹಿಡೀತು, ಅಷ್ಟೇ ಕೇಳ್ತೀನಿ. ಹೇಳಂಗಿಲ್ಲ ಅಂದ್ರೂ ನಡೀತದ." ಕೊನೆಯ ಸಾಲು ಕೇಳಿದ ಮೇಲೆಯೇ ಜಾಸ್ತಿ ಜನ ಹೇಳಲು ತಯಾರಾಗುತ್ತಿದ್ದರು!

ನಿಜವಾದ ಪೇಚು ಸುರುವಾಗಿದ್ದು ಫಾರಂ ತುಂಬುವಾಗ. ಹುಟ್ಟಿದ್ದು, ಬೆಳೆದದ್ದು ಇದೇ ಜಿಲ್ಲೆಯಲ್ಲಾದರೂ ಫಾರಂ ಮಾತ್ರ ಪುಸ್ತಕದ ಕನ್ನಡದಲ್ಲಿ ಬರೆದಿದ್ದೆ. "ಎದೆನೋವು ಪ್ರಾರಂಭವಾದ ಸಮಯ", ಮುಂದೆ ಒಂದು ಗೀಟು. ಜೇವರ್ಗಿ ಕಡೆಯ ಒಬ್ಬ ಅಜ್ಜನ ಮುಂದೆ ಮೊದಲ ಫಾರಂ ಬಿಚ್ಚಿದೆ.

"ನೋವೇನ್ ಇಲ್ಲ ಬಿಡವ್ವಾ" ಅಂದ.

ಅವನ ಇಸಿಜಿಯಲ್ಲಿ ಹೃದಯಾಘಾತ ತೋರಿಸುವ ಎಸ್‌ಟಿ ಗೆರೆ ಗುಡ್ಡದ ಹಾಗೆ ಎದ್ದಿತ್ತು. "ಮತ್ತೇನಾಗಿತ್ತು ಅಜ್ಜಾ?"

"ಎದಿ ಬಿಗದಂಗಾಯ್ತು. ಜೀವ ಘಾಬರಿ ಆಯ್ತು. ಬೆವರು ಕಿತ್ಕೊಂಡು ಬಂತು. ನೋವು ಎಲ್ಲಿ ಬಂತು?"

ಫಾರಂ ಪ್ರಕಾರ ಅವನಿಗೆ ಎದೆನೋವೇ ಇಲ್ಲ. ಹಾಗೇ ಬರೆದಿದ್ದರೆ "ನೋವಿಲ್ಲದ ಹೃದಯಾಘಾತ" ಅಂತ ಒಂದು ಕೇಸ್ ಸುಮ್ನೆ ಜಾಸ್ತಿಯಾಗುತ್ತಿತ್ತು. ಆ ಫಾರಂ ಹರಿದು ಹಾಕಿದೆ. ಹೊಸದರಲ್ಲಿ ಇವರೇ ಆಡುವ ಮಾತುಗಳನ್ನು ಇಟ್ಟೆ. ಬಿಗಿತ, ಭಾರ, ಉರಿ, ದಮ್ಮು, ಬ್ಯಾನಿ, ಘಾಬರಿ. ಉರ್ದು ಮಾತಾಡುವವರಿಗೆ "ಛಾತಿ ಭಾರಿ". ಗ್ಯಾಸ್ ಅನ್ನುವುದಕ್ಕೆ ಬೇರೆಯೇ ಒಂದು ಕಾಲಂ. ಯಾಕೆಂದರೆ ಅರ್ಧ ಕಥೆ ಅದರಲ್ಲೇ ಇತ್ತು. ಹೃದಯದ ಕೆಳಗೋಡೆಗೆ ಹೊಡೆತ ಬಿದ್ದರೆ ವಾಂತಿ, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಬರಬಹುದು. ರಾತ್ರಿ ಶೇಂಗಾ ಹಿಂಡಿ, ರೊಟ್ಟಿ ಉಂಡು ಮಲಗಿದವರಿಗೆ ಅದು ಪಿತ್ತವಲ್ಲದೆ ಮತ್ತೇನು ಅನಿಸೀತು? ಒಂದು ಸೋಡಾ, ಒಂದು ಗ್ಯಾಸಿನ ಗುಳಿಗಿ, ಸ್ವಲ್ಪ ಹೊತ್ತು ಅಡ್ಡಾಗುವುದು. ಗಂಟೆಗಳು ಹೋಗುವುದೇ ಹೀಗೆ.

ಇನ್ನು ಹೊತ್ತು. ಗಡಿಯಾರ ನೋಡಿಕೊಂಡು ಯಾರಿಗೂ ಎದೆ ಹಿಡಿಯುವುದಿಲ್ಲ. "ನಸುಕಿನಾಗ", "ಬಿಸಿಲು ಏರಿದ ಮ್ಯಾಲ", "ಎಮ್ಮಿ ಹಿಂಡೋ ಹೊತ್ತಿನಾಗ", "ಮಗ್ರಿಬ್ ಆಜಾನ್ ಆಗ್ಲಿಕತ್ತಿತ್ತು". ಮೊದಮೊದಲು "ಅಂದ್ರ ಎಷ್ಟು ಗಂಟೆ?" ಅಂತ ಒತ್ತಾಯ ಮಾಡುತ್ತಿದ್ದೆ. ಆಗ ಎಲ್ಲರೂ ಆರು, ಎಂಟು, ಹತ್ತು ಅಂತ ದುಂಡಗಿನ ಗಂಟೆ ಹೇಳುತ್ತಿದ್ದರು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದರು, ಅಷ್ಟೇ. ಒತ್ತಾಯ ಬಿಟ್ಟ ಮೇಲೆ ಅವರ ಹೊತ್ತುಗಳೇ ಎಷ್ಟು ನಿಖರ ಅಂತ ತಿಳಿಯಿತು. ಮಗ್ರಿಬ್ ಆಜಾನ್ ಸೂರ್ಯ ಮುಳುಗಿದ ಕೂಡಲೇ. ನಮ್ಮಲ್ಲಿ ಅದು ನವೆಂಬರ್ ಕೊನೆಗೆ 5.45ರ ಸುಮಾರಿಗೆ, ಜುಲೈನಲ್ಲಿ ಏಳರ ಹತ್ತಿರ. ತಾರೀಕು ಗೊತ್ತಿದ್ದರೆ ನಿಮಿಷವೂ ಗೊತ್ತಾದಂತೆ. "ಆರು ಗಂಟೆ" ಅನ್ನುವುದಕ್ಕಿಂತ ಆಜಾನ್ ಎಷ್ಟೋ ಮೇಲು.

ದೊಡ್ಡ ಉಪಾಯ ಹೇಳಿಕೊಟ್ಟವನು ಒಬ್ಬ ರೋಗಿಯ ಮಗ. ಅಪ್ಪ ಹೇಳಿದ ಹೊತ್ತನ್ನು ಕೇಳಿ, "ಇಲ್ಲ ಅಪ್ಪಾ, ನೀ ಫೋನ್ ಮಾಡಿದ್ದು ಇನ್ನಾ ಲಗೂನ" ಅಂತ ಮೊಬೈಲ್ ತೆಗೆದು ತೋರಿಸಿದ. ಕಾಲ್ ಲಾಗ್‌ನಲ್ಲಿ 4.52 ಅಂತ ಇತ್ತು. ಅಪ್ಪ ಹೇಳಿದ್ದು ಏಳು ಗಂಟೆ! ಅಂದಿನಿಂದ, ಮನೆಯವರು ಒಪ್ಪಿದರೆ, ಮೊದಲ ಕರೆಯ ಹೊತ್ತು ನೋಡಿ ಬರೆದುಕೊಂಡೆ. 108ಕ್ಕೆ ಮಾಡಿದ ಕರೆಯೂ ಅದರಲ್ಲೇ ಸಿಗುತ್ತದೆ. ಬಸ್ಸಿಗೆ ಬಂದವರ ಜೇಬಿನಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಟಿಕೆಟ್ ಇರುತ್ತಿತ್ತು. ಅದರ ಮೇಲೆ ತಾರೀಕು, ಹೊತ್ತು ಎರಡೂ ಅಚ್ಚಾಗಿರುತ್ತವೆ. ಫಾರಂಗೆ "ಸಮಯಕ್ಕೆ ಆಧಾರ" ಅಂತ ಒಂದು ಕಾಲಂ ಸೇರಿಸಿದೆ. ಕಾಲ್ ಲಾಗ್, ಟಿಕೆಟ್, ಆಜಾನ್, ಇಲ್ಲವೇ ಬರೀ ಅಂದಾಜು. ನನ್ನ ಥೀಸಿಸ್‌ನಲ್ಲಿ ನನ್ನದು ಅಂತ ಹೇಳಿಕೊಳ್ಳುವಂಥದ್ದು ಏನಾದರೂ ಇದ್ದರೆ ಆ ಕಾಲಂ ಒಂದೇ.

ಮೈನಸ್ 14 ಕಂಡಿದ್ದು ಇದರ ನಡುವೆಯೇ. ರೋಗಿಗಳ ಹೊತ್ತನ್ನು ಇಷ್ಟು ಜಾಡಿಸಿದವಳು ನಮ್ಮ ಸ್ವಂತ ಗಡಿಯಾರಗಳನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ಮಷಿನ್ ನನ್ನ ಮೊಬೈಲ್‌ಗಿಂತ 37 ನಿಮಿಷ ಮುಂದಿತ್ತಲ್ಲ, ಹಳೆಯ ಕೇಸುಗಳ ಇಸಿಜಿ ಹೊತ್ತಿನಿಂದ ಅಷ್ಟನ್ನು ಕಳೆದುಬಿಡಲೇ ಅಂತ ಗೈಡ್ ಸರ್‌ಗೆ ಕೇಳಿದೆ. "ಅವಾಗೂ 37 ಇತ್ತಂತ ಯಾರ್ ನೋಡ್ಯಾರ?" ಅಂದರು. ನಿಜವೇ. ಮಷಿನ್‌ನ ಗಡಿಯಾರ ಯಾವಾಗ, ಎಷ್ಟು ತಪ್ಪಿತು ಅಂತ ಯಾರಿಗೂ ಗೊತ್ತಿರಲಿಲ್ಲ. ಮೂರು ತಿಂಗಳ ಕೇಸುಗಳಲ್ಲಿ ಆಸ್ಪತ್ರೆಯೊಳಗಿನ ಹೊತ್ತುಗಳನ್ನೆಲ್ಲ ಬಿಟ್ಟುಕೊಟ್ಟೆ. ಮನೆಯಿಂದ ಬಾಗಿಲವರೆಗಿನದ್ದನ್ನು ಮಾತ್ರ ಇಟ್ಟುಕೊಂಡೆ. ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಪ್ರತಿ ಸೋಮವಾರ ಎರಡೂ ಗಡಿಯಾರಗಳನ್ನು ಮೊಬೈಲಿಗೆ ಹೊಂದಿಸಿ, ಫೋಟೋ ತೆಗೆದು ಇಟ್ಟೆ. ವಾರ್ಡ್ ಬಾಯ್ ನನಗೆ "ಗಡಿಯಾರ ಮೇಡಂ" ಅಂತ ಹೆಸರಿಟ್ಟ.

ಲೆಕ್ಕ ಹಾಕಲು ಕೂತಾಗ ಮೊದಲು ಸರಾಸರಿ ತೆಗೆದೆ. ಅದು ನಂಬಲಾರದಷ್ಟು ದೊಡ್ಡದಾಗಿ ಬಂತು. ಮೂರನೇ ದಿನ ಬಂದ ಇಬ್ಬರು ಇಡೀ ಗುಂಪನ್ನು ತಮ್ಮ ಕಡೆ ಎಳೆದುಕೊಂಡಿದ್ದರು. ಇಂಥ ಕಡೆ ಮೀಡಿಯನ್ ಬೇಕಾಗುವುದು ಇದಕ್ಕೇ. ಎಲ್ಲರನ್ನೂ ಬರಲು ಹಿಡಿದ ಹೊತ್ತಿನ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನವರನ್ನು ಕೇಳುವುದು. ಕ್ರಿಯೇಟ್‌ನಲ್ಲೂ ಹಾಗೇ ಮಾಡಿದ್ದಾರೆ. ಅಲ್ಲಿ ಕಾಲು ಭಾಗ ಜನ 123 ನಿಮಿಷದೊಳಗೆ ಬಂದಿದ್ದರೆ, ಇನ್ನೊಂದು ಕಾಲು ಭಾಗ ಬಂದದ್ದು 1,317 ನಿಮಿಷ ಕಳೆದ ಮೇಲೆ.

ಆಸೆ ಅಷ್ಟಕ್ಕೇ ನಿಲ್ಲಲಿಲ್ಲ. ತಾಲೂಕುವಾರು ಒಡೆದು ನೋಡಿದೆ. ಸೇಡಂನವರು ಎಲ್ಲರಿಗಿಂತ ಬೇಗ ಬರುತ್ತಾರೆ ಅಂತ ಕಂಡಿತು. ಅದಕ್ಕೆ ಕಾರಣವನ್ನೂ ಹೊಸೆದು ಎರಡು ಪುಟ ಬರೆದೆ. ಸೇಡಂನವರು ಇದ್ದದ್ದೇ ಹನ್ನೊಂದು ಜನ. ಗೈಡ್ ಸರ್ ಓದಿ ನಕ್ಕು ಐಸಿಸ್-2 ಕಥೆ ಹೇಳಿದರು. 1988ರ ಅಧ್ಯಯನ ಅದು, 17,187 ರೋಗಿಗಳದ್ದು. ಹೃದಯಾಘಾತದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆ ಅಂತ ಗಟ್ಟಿಯಾಗಿ ತೋರಿಸಿದ್ದು ಅದೇ. ಗುಂಪು ಒಡೆದು ನೋಡುವ ಚಟದ ಬಗ್ಗೆ ಎಚ್ಚರಿಸಲು ಅವರು ರೋಗಿಗಳನ್ನು ರಾಶಿಪ್ರಕಾರವೂ ಒಡೆದು ಅಚ್ಚು ಹಾಕಿಸಿದ್ದರು. ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವೇ ಇಲ್ಲ ಅಂತ ಬಂದಿತ್ತು! "ನಿನ್ನ ಸೇಡಂನೂ ತುಲಾ ರಾಶಿನೇ" ಅಂದರು. ಎರಡು ಪುಟ ಡಿಲೀಟ್ ಮಾಡಿದೆ.

ಕೊನೆಗೆ ಉಳಿದದ್ದು ಇಷ್ಟು. ನಾನು ರಸ್ತೆಯನ್ನು, ಗಾಡಿಯನ್ನು ಬೈಯಲು ತಯಾರಾಗಿದ್ದೆ. ನನ್ನ ರೋಗಿಗಳಲ್ಲಿ ಜಾಸ್ತಿ ಹೊತ್ತು ಹೋಗಿದ್ದು ಗಾಡಿ ಹತ್ತುವ ಮೊದಲೇ. ಇನ್ನೊಬ್ಬರಿಗೆ ಹೇಳುವವರೆಗೆ ಒಂದು ತುಂಡು, ಮೊದಲ ಗುಳಿಗಿ ತಿಂದು ಕಾದದ್ದು ಇನ್ನೊಂದು ತುಂಡು. ಹೆಂಗಸರಲ್ಲಿ ಮೊದಲ ತುಂಡೇ ಉದ್ದ. ಒಬ್ಬ ತಾಯಿ ನಸುಕಿನಲ್ಲಿ ಬೆವರಿ ಎದ್ದು, ತೊಗರಿ ರಾಶಿಗೆ ಬಂದ ಆಳುಗಳಿಗೆ ರೊಟ್ಟಿ ಬಡಿದು, ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋಗಿ ಬಂದು, ಸಂಜೆ ಮಗನಿಗೆ ಹೇಳಿದ್ದಳು. "ಕೆಲಸ ಬಿಟ್ಟು ಹ್ಯಾಂಗ್ ಹೇಳ್ಲಿ?" ಅಂತ ನನ್ನನ್ನೇ ಕೇಳಿದಳು. ಇದನ್ನು ಯಾವ ಕಾಲಂನಲ್ಲಿ ಬರೆಯಲಿ? ಹರೆಯದವರು ಬೇರೆ ಥರ. ಅಪ್ಪು ಹೋಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಸ್ವಲ್ಪ ಎದೆ ಚುಚ್ಚಿದರೂ ಇಸಿಜಿಗೆ ಬಂದು ನಿಲ್ಲುತ್ತಿದ್ದರು.

ವೈವಾದಲ್ಲಿ ಹೊರಗಿನ ಪರೀಕ್ಷಕರು ಗಡಿಯಾರದ ಫೋಟೋಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಕೇಳಿದರು. "ನಿಮ್ಮ ಲಿಸ್ಟಿನಲ್ಲಿ ಇರೋರೆಲ್ಲ ಆಸ್ಪತ್ರೆ ಮುಟ್ಟಿ, ಮರುದಿನ ಮಾತಾಡಿದೋರು ಅಲ್ವಾ? ಮುಟ್ಟದೇ ಹೋದೋರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯಲ್ಲಿ, ಟಂಟಂ ಆಟೋದಲ್ಲಿ, ಕ್ಯಾಜುವಾಲ್ಟಿ ಬಾಗಿಲಲ್ಲಿ ತೀರಿಕೊಂಡವರ ಹೊತ್ತು ನನ್ನ ಮೀಡಿಯನ್ ಒಳಗೆ ಇಲ್ಲ. ಥೀಸಿಸ್‌ನ ಮಿತಿಗಳ ಪುಟಕ್ಕೆ ಆ ಮಾತನ್ನು ನಾನೇ ಬರೆದಿರಬೇಕಾಗಿತ್ತು. ಬರೆದಿರಲಿಲ್ಲ.

ಈಗ ನಾನು ಒಂದು ತಾಲೂಕು ಆಸ್ಪತ್ರೆಯಲ್ಲಿದ್ದೇನೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಬಂದ ಮೇಲೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ತಾಲೂಕು ಮಟ್ಟದಲ್ಲೇ ಪುಕ್ಕಟೆ ಸಿಗುತ್ತಿದೆ. ತೂಕ ನೋಡಿ ಒಂದೇ ಸಲ ಕೊಡುವ ಇಂಜೆಕ್ಷನ್ ಅದು. ಸ್ಟ್ರೆಪ್ಟೋಕೈನೇಸ್ ಹಾಗೆ ಅರ್ಧ ಗಂಟೆ, ಒಂದು ಗಂಟೆ ಹನಿ ಬಿಡಬೇಕಾಗಿಲ್ಲ. ಇಲ್ಲಿಗೆ ಬಂದ ಮೊದಲ ದಿನ ಇಸಿಜಿ ಮಷಿನ್ ಆನ್ ಮಾಡಿ ನೋಡಿದೆ. ತಾರೀಕು 2017ರಲ್ಲಿ ನಿಂತಿತ್ತು.

ತುಂಬಿದ ಫಾರಂಗಳು ಇನ್ನೂ ಮನೆಯ ಟ್ರಂಕಿನಲ್ಲಿವೆ. ದೀಪಾವಳಿಗೆ ಮನೆ ಬಳಿಯುವಾಗ ಅವ್ವ ಕೇಳುತ್ತಾಳೆ, "ಇವನ್ನ ರದ್ದಿಗಿ ಹಾಕ್ಲೇನು?" ಒಮ್ಮೆ ಮೇಲಿನ ಹಾಳೆ ತೆಗೆದು ಓದಿದಳು. ಸಮಯಕ್ಕೆ ಆಧಾರ ಕಾಲಂನಲ್ಲಿ ನಾನು "ಎಮ್ಮಿ ಹಿಂಡೋ ಹೊತ್ತು" ಅಂತ ಬರೆದಿದ್ದೆ. "ಮುಂಜಾನಿದೋ, ಸಂಜಿದೋ?" ಅಂದಳು.

ಬರೆದುಕೊಂಡಿರಲಿಲ್ಲ.