ಮೋರ್ಯರ ಗುಡ್ಡಕ್ಕೆ ಎಂಟನೇ ಕ್ಲಾಸು

ಹಿರೇಬೆಣಕಲ್ ಗುಡ್ಡವನ್ನು ನಮ್ಮ ಕಡೆ ಮೋರ್ಯರ ಗುಡ್ಡ ಅನ್ನುತ್ತಾರೆ, ಮೇಲೆಲ್ಲ ಕಲ್ಗೋರಿಗಳು, ಅಂದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಹಳೇ ಕಾಲದ ಸಮಾಧಿಗಳು. ಅಲ್ಲಿಗೆ ಮಕ್ಕಳನ್ನು ಕರಕೊಂಡು ಹೋಗಿದ್ದು ಎರಡು ಸಲ. ಮೊದಲನೆಯದು ಕೆಟ್ಟಿತು. ಫೆಬ್ರವರಿ ಕೊನೆ, ಶಾಲೆಯಿಂದ ಹೊರಟಾಗಲೇ ಬೆಳಗಿನ ಒಂಬತ್ತೂವರೆ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಅಷ್ಟೇ, ಆದರೆ ಮೇಲಕ್ಕೆ ಗಾಡಿ ಹೋಗುವುದಿಲ್ಲ, ಬಂಡೆ ಹತ್ತಬೇಕು. ಮೇಲೆ ಮುಟ್ಟುವಷ್ಟರಲ್ಲಿ ನೀರಿನ ಬಾಟಲಿಗಳೆಲ್ಲ ಖಾಲಿ. ನಾನೋ ಬಿಸಿಲಲ್ಲೇ ನಿಂತು "ಕ್ರಿ.ಪೂ. 800ರಿಂದ 200ರ ನಡುವೆ" ಅಂತ ಪಾಠ ಶುರುಮಾಡಿದೆ. ಒಬ್ಬ ಹುಡುಗ, "ಸರ, ಇವು ಮೋರ್ಯರ ಮನಿ ಅಂತ್ರಿ. ಗಿಡ್ಡ ಮಂದಿ ಇದ್ರಂತ, ನಮ್ಮಜ್ಜಿ ಹೇಳ್ಯಾಳ" ಅಂದ. "ಅದೆಲ್ಲ ಕಟ್ಟುಕತಿ" ಅಂದುಬಿಟ್ಟೆ. ಅವನಷ್ಟೇ ಅಲ್ಲ, ಉಳಿದವರೂ ಬಾಯಿ ಮುಚ್ಚಿಕೊಂಡರು.

ಮುಂದಿನ ವರ್ಷ ಡಿಸೆಂಬರಿನಲ್ಲಿ ಹೋದೆವು. ಬೆಳಗಿನ ಆರಕ್ಕೆ ಕ್ರೂಸರ್ ಹೊರಟಿತ್ತು, ತಲೆಗೆ ಎರಡು ಬಾಟಲಿ ನೀರು, ರೊಟ್ಟಿ, ಶೇಂಗಾ ಚಟ್ನಿ. ವಾರದ ಮೊದಲೇ ಮಕ್ಕಳಿಗೆ, ಮನೆಯಲ್ಲಿ ಹಿರಿಯರು ಹೇಳುವ ಮೋರ್ಯರ ಕತೆ ಕೇಳಿಕೊಂಡು ಬರಲು ಹೇಳಿದ್ದೆ. ಶಾಲೆಯ ಅಂಗಳದಲ್ಲಿ ಒಡೆದ ಪರಸಿ ಕಲ್ಲಿನ ತುಂಡುಗಳನ್ನು ಹರವಿ, "ನಾಲ್ಕು ಗೋಡೆ, ಮೇಲೊಂದು ಮುಚ್ಚಳ. ಸಿಮೆಂಟಿಲ್ಲದೆ ನಿಲ್ಲಿಸ್ರಿ ನೋಡೋಣ" ಅಂದೆ. ಎರಡು ಸಲ ಬಿತ್ತು. ಒಬ್ಬಳು ಒಂದು ಕಲ್ಲನ್ನು ಮತ್ತೊಂದರ ಅಂಚು ದಾಟಿಸಿ, ಒಂದಕ್ಕೊಂದು ಆತುಕೊಳ್ಳುವಂತೆ ಇಟ್ಟಳು. ನಿಂತಿತು! ಗುಡ್ಡದ ಮೇಲೆ ಪಕ್ಕದ ಚಪ್ಪಡಿ ಎದುರಿನದನ್ನು ದಾಟಿ ಚಾಚಿಕೊಂಡಿರುವ ಕಲ್ಗೋರಿ ಕಂಡಾಗ ಅವಳೇ ಮೊದಲು ಓಡಿದ್ದು.

ಅಲ್ಲಿ ಪುಟ್ಟವೂ ಇವೆ, ಆಳೆತ್ತರ ಮೀರಿ ಮೂರು ಮೀಟರ್ ಮುಟ್ಟುವವೂ ಇವೆ. ಪುಟ್ಟವುಗಳ ಮುಂದೆ ನಿಂತರೆ ಗಿಡ್ಡ ಮಂದಿಯ ಕತೆ ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಿಲ್ಲ. ಎದುರು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. "ಜೀವ ಹೊರಗ ಹೋಗಾಕ ಏನ್ರಿ?" ಎಂದು ಒಬ್ಬ ಕೇಳಿದ. "ಇರಬಹುದು" ಅಂದೆ. ಹೋದ ವರ್ಷ ಬಾಯಿಗೆ ಬಾರದ ಮಾತದು.

ಆದರೆ ಆ ದಿನದ ಪಾಠ ಮಾಡಿದವನು ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವರ ಮಗ, ಹಿಂದಿನ ಬೆಂಚಿನ ಹುಡುಗ. ಚಪ್ಪಡಿಯ ಮೇಲೆ ಕೈಯಾಡಿಸಿ, "ಉಳಿ ಹೊಡದ ಗುರುತು ಇಲ್ರಿ ಸರ. ಇದು ಬೆಂಕಿ ಕೆಲಸ" ಅಂದ. ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿದರೆ ಮೇಲಿನ ಪದರು ಉಬ್ಬಿ ಏಳುತ್ತದೆ, ಅದರ ಸಂದಿಗೆ ಹಾರೆ ಹಾಕಿ ಮೀಟಿ ಎಬ್ಬಿಸುತ್ತಾರೆ ಎಂದು ಅಪ್ಪ ಹೇಳಿದ್ದನ್ನು ವಿವರಿಸಿದ. ಹತ್ತಿರದ ಬಂಡೆ ಮೈಯಲ್ಲಿ ಪದರು ಎದ್ದ ಜಾಗವನ್ನೂ ತೋರಿಸಿದ. ನಾನು ಸುಮ್ಮನೆ ಕೇಳುತ್ತಾ ನಿಂತೆ.

ಬಂಡೆಯ ತುದಿಯಲ್ಲಿ ಕಲ್ಲಿನ ನಗಾರಿ ಇದೆ, ಬಡಿದರೆ ಒಂದು ಕಿಲೋಮೀಟರ್ ದೂರ ಕೇಳುತ್ತದಂತೆ. ಹತ್ತಲು ಬಿಡಲಿಲ್ಲ, ಮಕ್ಕಳು ಮುನಿಸಿಕೊಂಡರು. ಒಂದು ಮುಚ್ಚಳದ ಮೇಲೆ ಸೆಲ್ಫಿಗೆ ಹತ್ತಿದ ಇಬ್ಬರಿಗೆ ಬೈದೆ ಕೂಡ. ನಿಧಿ ಆಸೆಗೆ ಅಗೆದವರು ಕೆಡವಿದ್ದೇ ಸಾಕಷ್ಟಿದೆ.

ಗುಡ್ಡದಲ್ಲಿ ಸುಮಾರು 400 ಕಲ್ಗೋರಿಗಳಿವೆ ಎಂದು ನಾನು ಹೇಳಿದ್ದನ್ನು ನಂಬದೆ ನಾಲ್ವರು ಎಣಿಸಲು ಹೊರಟರು. ಎಪ್ಪತ್ತರ ಹತ್ತಿರ ಜಗಳ: ಬಿದ್ದ ಚಪ್ಪಡಿಗಳ ರಾಶಿ ಒಂದು ಲೆಕ್ಕವೋ, ಇಲ್ಲವೋ? ನನ್ನ ಹತ್ತಿರ ಬಂದರು, ತೀರ್ಪು ಕೊಡಲಿಲ್ಲ. ಕೆಳಗಿಳಿದು ಕ್ರೂಸರ್ ಹತ್ತುವವರೆಗೂ ಅದೇ ವಾದ.