ಮನೆಗೆ ದೊಡ್ಡ ಹಾರ್ಡ್ ಡಿಸ್ಕ್: ಕಂಪನಿಗಿಂತ ಮಾಡೆಲ್ ನೋಡಿ ಕೊಳ್ಳಿ

"ಯಾವ ಕಂಪನೀದು ಚಲೋ ಅದ ರೀ?"

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಹಾರ್ಡ್ ಡಿಸ್ಕ್ ತರಲು ಹೋದಾಗ ನಾನು ಮೊದಲು ಕೇಳಿದ್ದು ಇದನ್ನೇ. ಅಂಗಡಿಯವರು ಒಂದು ಹೆಸರು ಹೇಳಿದರು, ಕೊಂಡು ತಂದೆ. ಆಕಾಶವಾಣಿ ಧಾರವಾಡದ ಸಂಗೀತ ಕಾರ್ಯಕ್ರಮಗಳನ್ನು ಅಪ್ಪ ರೇಡಿಯೊ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡಿದ್ದ ಕ್ಯಾಸೆಟ್‌ಗಳು, ಅಜ್ಜಿ ಹಾಡಿದ ಬೀಸುವ ಪದಗಳು, ಅಕ್ಕನ ಮದುವೆ ವಿಡಿಯೊ, ಎಲ್ಲವನ್ನೂ ಅದಕ್ಕೆ ಹಾಕಿದೆ. ಎರಡನೇ ವರ್ಷದ ಮಳೆಗಾಲದಲ್ಲಿ ಒಂದು ದಿನ ಡಿಸ್ಕ್ ಟಕ್ ಟಕ್ ಅಂದಿತು. ಆಮೇಲೆ ತೆರೆಯಲೇ ಇಲ್ಲ. ಅಷ್ಟೊತ್ತಿಗೆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿತ್ತು. ಹೆಚ್ಚಿನವನ್ನು ಹೇಗೋ ಮತ್ತೆ ತುಂಬಿಸಿಕೊಂಡೆವು. ಅಜ್ಜಿಯ ದನಿ ಇದ್ದ ಕ್ಯಾಸೆಟ್ ಮಾತ್ರ ಓಡಲಿಲ್ಲ.

ಆ ಕಂಪನಿಯನ್ನು ಬಹಳ ದಿನ ಬೈದೆ. ಓದುತ್ತ ಹೋದಂತೆ ಗೊತ್ತಾಯಿತು, ಕಂಪನಿ ಬದಲಿಸಿದ್ದರೂ ನನ್ನ ಗತಿ ಹೀಗೇ ಆಗಬಹುದಿತ್ತು. ಈಗ ಯಾರಾದರೂ ಅದೇ ಪ್ರಶ್ನೆ ಕೇಳಿದರೆ ನಾನು ಕೂಡಿಸಿಕೊಂಡು ಹೇಳುವುದು ಇಷ್ಟು.

ಇರುವುದೇ ಮೂರು ಕಂಪನಿ

ಡಬ್ಬಿಯ ಮೇಲೆ ಯಾವ ಹೆಸರೇ ಇರಲಿ, ಇವತ್ತು ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ತಯಾರಿಸುವವರು ಮೂರೇ ಜನ: ಸೀಗೇಟ್, ವೆಸ್ಟರ್ನ್ ಡಿಜಿಟಲ್ (ಡಬ್ಲ್ಯೂಡಿ), ತೋಶಿಬಾ. ಮ್ಯಾಕ್ಸ್‌ಟರ್ 2006ರಲ್ಲಿ ಸೀಗೇಟ್ ಪಾಲಾಯಿತು. 2011ರಲ್ಲಿ ಸ್ಯಾಮ್‌ಸಂಗ್‌ನ ಹಾರ್ಡ್ ಡಿಸ್ಕ್ ವಿಭಾಗವೂ ಅಲ್ಲಿಗೇ ಹೋಯಿತು. 2012ರಲ್ಲಿ ಹಿಟಾಚಿಯ ವಿಭಾಗವನ್ನು ವೆಸ್ಟರ್ನ್ ಡಿಜಿಟಲ್ ಕೊಂಡಿತು. ಬೇರೆ ಹೆಸರಿನ ಹೊರ ಡಿಸ್ಕ್ ಕೊಂಡರೂ ಒಳಗೆ ಇರುವುದು ಈ ಮೂವರಲ್ಲಿ ಒಬ್ಬರ ಮಾಲು.

ಇವರಲ್ಲಿ ಒಳ್ಳೆಯವರು ಯಾರು? ಬ್ಯಾಕ್‌ಬ್ಲೇಜ್ ಅನ್ನುವ ಅಮೆರಿಕದ ಕಂಪನಿ ಜನರ ಫೈಲ್‌ಗಳನ್ನು ತನ್ನ ಡಿಸ್ಕ್‌ಗಳಲ್ಲಿ ಇಟ್ಟುಕೊಳ್ಳುತ್ತದೆ. ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಡಿಸ್ಕ್ ಓಡಿಸುತ್ತದೆ. ಯಾವ ಮಾಡೆಲ್ ಎಷ್ಟು ಕೆಟ್ಟಿತು ಅನ್ನುವ ಲೆಕ್ಕವನ್ನು ಬಿಚ್ಚಿ ಎಲ್ಲರ ಮುಂದೆ ಇಡುತ್ತದೆ. ಒಟ್ಟಾರೆ ಕೆಟ್ಟದ್ದು 2023ರಲ್ಲಿ ಶೇ 1.70, 2024ರಲ್ಲಿ ಶೇ 1.57. ಅಂದರೆ ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ. ಅವರ ಕೋಣೆ ತಂಪಾಗಿರುತ್ತದೆ, ಕರೆಂಟ್ ಹೋಗುವುದಿಲ್ಲ, ನಮ್ಮ ಮನೆಯಂತೆ ಅಲ್ಲ. ಆದರೂ ಇಷ್ಟು ದೊಡ್ಡ ಲೆಕ್ಕ ನಮಗೆ ಇನ್ನೆಲ್ಲಿ ಸಿಗುತ್ತದೆ?

ಆ ಪಟ್ಟಿ ನೋಡಿದರೆ ಒಂದೇ ಕಂಪನಿಯ ಒಂದು ಮಾಡೆಲ್ ಮೇಲಿರುತ್ತದೆ, ಇನ್ನೊಂದು ತಳದಲ್ಲಿರುತ್ತದೆ. 2011ರಲ್ಲಿ ಬಂದ ಸೀಗೇಟ್‌ನ 3 ಟಿಬಿ (1 ಟಿಬಿ ಅಂದರೆ 1000 ಜಿಬಿ) ಡಿಸ್ಕ್, ಎಸ್‌ಟಿ3000ಡಿಎಂ001, ಎಷ್ಟು ಕೆಟ್ಟಿತೆಂದರೆ 2016ರಲ್ಲಿ ಅಮೆರಿಕದಲ್ಲಿ ಅದರ ಮೇಲೆ ದಾವೆ ಬಿತ್ತು. ಅದೇ ಸೀಗೇಟ್‌ನ ಬೇರೆ ಮಾಡೆಲ್‌ಗಳು ಅಲ್ಲೇ ವರ್ಷಗಟ್ಟಲೆ ಚೆನ್ನಾಗಿ ಓಡಿವೆ. ಐಬಿಎಂ ಕತೆ ಇನ್ನೂ ಹೇಳುವಂಥದ್ದು. ಅದರ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ 2000ದ ಹೊತ್ತಿನಲ್ಲಿ ಎಷ್ಟು ಹಾಳಾಯಿತೆಂದರೆ ಜನ ಅದಕ್ಕೆ 'ಡೆತ್‌ಸ್ಟಾರ್' ಅಂತ ಹೆಸರಿಟ್ಟರು. ಆ ವಿಭಾಗವೇ ಹಿಟಾಚಿಗೆ ಹೋಯಿತು. ಹತ್ತು ವರ್ಷದ ಮೇಲೆ ಬ್ಯಾಕ್‌ಬ್ಲೇಜ್ ಲೆಕ್ಕದಲ್ಲಿ ತೀರ ಕಡಿಮೆ ಕೆಟ್ಟ ಡಿಸ್ಕ್‌ಗಳು ಆ ಹಿಟಾಚಿ ವಂಶದವೇ. ಹೆಸರು ನೋಡಿ ಏನು ತೀರ್ಮಾನ ಮಾಡುತ್ತೀರಿ ಹೇಳಿ.

ಮೊದಲು ಜಾಗದ ಲೆಕ್ಕ

ಎಷ್ಟು ಟಿಬಿ ಬೇಕು ಅನ್ನುವುದನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ಹಳೇ ಕ್ಯಾಸೆಟ್ಟನ್ನು ಒಳ್ಳೆ ಗುಣಮಟ್ಟದಲ್ಲಿ (24 ಬಿಟ್, 96 ಕಿಲೊಹರ್ಟ್ಸ್) ತುಂಬಿಸಿದರೆ ಗಂಟೆಗೆ ಸುಮಾರು 2 ಜಿಬಿ. ಇನ್ನೂರು ಗಂಟೆಗೆ 400 ಜಿಬಿ ಆಯಿತು. ಹಳೇ ಮಿನಿ ಡಿವಿ ವಿಡಿಯೊ ಟೇಪ್ ಇದ್ದರೆ ಗಂಟೆಗೆ 13 ಜಿಬಿ. ಗದಗದಲ್ಲಿ ಮದುವೆ ವಿಡಿಯೊ ಮಾಡುವ ನನ್ನ ಸೋದರಮಾವನ ಮಗ 4ಕೆ ಕ್ಯಾಮೆರಾದಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಇಟ್ಟು ತೆಗೆಯುತ್ತಾನೆ. ಅದು ಗಂಟೆಗೆ 45 ಜಿಬಿ. ಮೂರು ಕ್ಯಾಮೆರಾ ಆರಾರು ಗಂಟೆ ಓಡಿದರೆ ಒಂದೇ ಮದುವೆಗೆ 800 ಜಿಬಿ ಮೀರುತ್ತದೆ.

ಬಂದ ಲೆಕ್ಕವನ್ನು ದುಪ್ಪಟ್ಟು ಮಾಡಿ ಕೊಳ್ಳಿ. 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 3.63 ಅಂತ ಕಾಣುತ್ತದೆ. ಅದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಹಂಚಿನ ಮನೆ ನೆನಪಿಡಿ

ನನ್ನ ಪ್ರಕಾರ ಕೊಳ್ಳುವವರು ಇಡೀ ವ್ಯವಹಾರದಲ್ಲಿ ತಿಳಿಯಲೇಬೇಕಾದ ಮಾತು ಇದು. ಡಿಸ್ಕ್‌ನಲ್ಲಿ ಬರೆಯುವ ರೀತಿ ಎರಡು: ಸಿಎಂಆರ್, ಎಸ್‌ಎಂಆರ್. ಸಿಎಂಆರ್‌ನಲ್ಲಿ ಸಾಲುಗಳು ಬಿಡಿ ಬಿಡಿಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತದೆ, ಧಾರವಾಡದ ಹಳೇ ಮನೆಗಳ ಮೇಲೆ ಮಂಗಳೂರು ಹಂಚು ಕೂತ ಹಾಗೆ. ನಡುವಿನ ಒಂದು ಹಂಚು ಬದಲಿಸಬೇಕೆಂದರೆ ಅದರ ಮೇಲಿನವನ್ನೂ ಎಬ್ಬಿಸಬೇಕು, ಅಲ್ವಾ? ಇಲ್ಲಿಯೂ ಹಾಗೇ. ಒಂದು ಸಾಲು ತಿದ್ದಲು ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಅದಕ್ಕೇ ಒಂದೇ ಸಲಕ್ಕೆ ನೂರಾರು ಜಿಬಿ ಹಾಕುವಾಗ ಈ ಡಿಸ್ಕ್ ಇದ್ದಕ್ಕಿದ್ದಂತೆ ತೆವಳಲು ಶುರು ಮಾಡುತ್ತದೆ. ನಾಲ್ಕಾರು ಡಿಸ್ಕ್ ಕೂಡಿಸಿ ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ನ್ಯಾಸ್ ಪೆಟ್ಟಿಗೆಗೆ ಇದು ಬೇಡವೇ ಬೇಡ.

2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಅನ್ನುವ ಸರಣಿಯ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಹೇಳದೆ ಎಸ್‌ಎಂಆರ್ ಹಾಕಿದ್ದು ಬಯಲಾಗಿ ದೊಡ್ಡ ಗಲಾಟೆ ಆಯಿತು. ಆಮೇಲೆ ರೆಡ್ ಪ್ಲಸ್ ಅಂತ ಸಿಎಂಆರ್ ಸರಣಿ ಬೇರೆ ಮಾಡಿದರು. ಅಲ್ಲಿಂದ ಈಚೆಗೆ ಯಾವುದು ಯಾವ ಬಗೆ ಅನ್ನುವ ಪಟ್ಟಿ ಕಂಪನಿಗಳ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ನಿಂತು ಮೊಬೈಲ್‌ನಲ್ಲೇ ಮಾಡೆಲ್ ನಂಬರ್ ಹಾಕಿ ನೋಡಿ.

ಸುಲಭದಲ್ಲಿ ನೆನಪಿಡುವುದಾದರೆ, ಸೀಗೇಟ್ ಐರನ್‌ವುಲ್ಫ್, ಡಬ್ಲ್ಯೂಡಿ ರೆಡ್ ಪ್ಲಸ್, ತೋಶಿಬಾ ಎನ್300 ಮೂರೂ ಸಿಎಂಆರ್. ಮೂರಕ್ಕೂ ಮೂರು ವರ್ಷ ವಾರಂಟಿ. ಅಗ್ಗದ ಬರಾಕುಡಾ, ಡಬ್ಲ್ಯೂಡಿ ಬ್ಲೂ, ತೋಶಿಬಾ ಪಿ300 ಸರಣಿಗಳಲ್ಲಿ ದೊಡ್ಡ ಅಳತೆಯ ಹಲವು ಡಿಸ್ಕ್‌ಗಳು ಎಸ್‌ಎಂಆರ್, ವಾರಂಟಿಯೂ ಎರಡು ವರ್ಷ. ಸೀಗೇಟ್ ತಾನೇ ಹೇಳುವಂತೆ ಬರಾಕುಡಾ ವರ್ಷಕ್ಕೆ 55 ಟಿಬಿ ಓದಿ ಬರೆಯಲು, ಐರನ್‌ವುಲ್ಫ್ 180 ಟಿಬಿಗೆ. ಒಂದೇ ಕಂಪನಿಯೊಳಗೆ ಇಷ್ಟು ಅಂತರ ಇದೆ. ಸಿಸಿ ಕ್ಯಾಮೆರಾಗೆಂದು ಮಾಡಿದ ಪರ್ಪಲ್, ಸ್ಕೈಹಾಕ್ ಡಿಸ್ಕ್‌ಗಳನ್ನೂ ತೋರಿಸುತ್ತಾರೆ. ಮನೆಯ ಸಂಗ್ರಹಕ್ಕೆ ನಾನು ಅವನ್ನು ಆರಿಸುವುದಿಲ್ಲ.

ಬಿಲ್, ಸೀರಿಯಲ್ ನಂಬರ್

ಜಿಎಸ್‌ಟಿ ಬಿಲ್ ಇಲ್ಲದೆ ತರಬೇಡಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಆ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿದರೆ ಭಾರತದಲ್ಲಿ ವಾರಂಟಿ ಇದೆಯೋ, ಯಾವ ದಿನದವರೆಗೆ ಇದೆಯೋ ತಿಳಿಯುತ್ತದೆ. ನನಗೆ ಒಮ್ಮೆ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಕಳಿಸಿದ್ದು ಬೇರೆ ದೇಶದ ಮಾಲು. ಇಲ್ಲಿ ವಾರಂಟಿಯೇ ಇರಲಿಲ್ಲ. ಮರುದಿನವೇ ವಾಪಸ್ ಮಾಡಿದೆ. ಕೆಟ್ಟರೆ ಎಲ್ಲಿ ಕೊಡಬೇಕು ಅನ್ನುವುದನ್ನೂ ಅಂಗಡಿಯಲ್ಲೇ ಕೇಳಿಕೊಳ್ಳಿ. ವಾರಂಟಿಯಲ್ಲಿ ಡಿಸ್ಕ್ ಬದಲಿಸಿ ಕೊಡುತ್ತಾರೆ, ಒಳಗಿದ್ದ ಫೋಟೊ ಕೊಡುವುದಿಲ್ಲ.

ತಂದ ಮೇಲೆ ಎರಡು ದಿನ ಪರೀಕ್ಷೆ

ಇದನ್ನು ಬಿಡಬೇಡಿ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿ ತೆರೆಯಿರಿ. ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಅದು ತೋರಿಸುತ್ತದೆ. ಹೊಸದಾದರೆ ಸೊನ್ನೆಯ ಆಸುಪಾಸು ಇರಬೇಕು. ಆದರೆ ಈ ಅಂಕಿಯನ್ನೂ ಅಳಿಸಲು ಬರುತ್ತದೆ. ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕ್‌ಗಳನ್ನು ಗಂಟೆ ಅಳಿಸಿ ಹೊಸದೆಂದು ಮಾರಿದ್ದು 2025ರ ಶುರುವಿನಲ್ಲಿ ಯುರೋಪಿನಲ್ಲಿ ಬಯಲಾಯಿತು. ಸೀಗೇಟ್ ಡಿಸ್ಕ್‌ನೊಳಗೆ ಫಾರ್ಮ್ ಅನ್ನುವ ಇನ್ನೊಂದು ದಾಖಲೆ ಇರುತ್ತದೆ, ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನುವ ತಂತ್ರಾಂಶ ಹಾಕಿದರೆ ಓದಬಹುದು. ಎರಡರ ಗಂಟೆಯೂ ತಾಳೆಯಾಗಬೇಕು.

ಆಮೇಲೆ ಪೂರ್ತಿ ಫಾರ್ಮ್ಯಾಟ್ ಮಾಡಿ. 'ಕ್ವಿಕ್ ಫಾರ್ಮ್ಯಾಟ್' ಗುರುತು ತೆಗೆಯಿರಿ. 8 ಟಿಬಿಗೆ ಹನ್ನೆರಡು ಗಂಟೆಯಾದರೂ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ನಮ್ಮಲ್ಲಿ ಗುಡುಗಿದರೆ ಕರೆಂಟ್ ಹೋಗುತ್ತದೆ, ಅದಕ್ಕೆ ಕಂಪ್ಯೂಟರ್ ಯುಪಿಎಸ್ ಮೇಲಿರಲಿ. ಮುಗಿದ ಮೇಲೆ ಮತ್ತೆ ಅದೇ ತಂತ್ರಾಂಶದಲ್ಲಿ 5, 197, 198 ನಂಬರಿನ ಸಾಲುಗಳನ್ನು ನೋಡಿ. ಕೆಟ್ಟ ಜಾಗಗಳ ಎಣಿಕೆ ಅಲ್ಲಿರುತ್ತದೆ. ಹೊಸ ಡಿಸ್ಕ್‌ನಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದರೆ ಒಪ್ಪಿಕೊಳ್ಳಬೇಡಿ, ಅಂಗಡಿಗೆ ವಾಪಸ್ ಒಯ್ಯಿರಿ. ತಿಂಗಳಿಗೊಮ್ಮೆ ಈ ಮೂರು ಸಾಲು ನೋಡುವ ರೂಢಿ ಮಾಡಿಕೊಳ್ಳಿ. ಏಪ್ರಿಲ್, ಮೇ ಬಿಸಿಲಲ್ಲಿ ಡಿಸ್ಕ್‌ನ ಶಾಖವನ್ನೂ ನೋಡಿ. 45 ಡಿಗ್ರಿ ದಾಟುತ್ತಿದ್ದರೆ ಒಂದು ಫ್ಯಾನ್ ಹಾಕಿಸಿ, ಒಳಗಿನ ಕೆಂಪು ಧೂಳು ತೆಗೆಸಿ.

ಎರಡನೇ ಡಿಸ್ಕ್

ಒಂದು 8 ಟಿಬಿ ಕೊಳ್ಳುವ ದುಡ್ಡಿದ್ದರೆ ಎರಡು 4 ಟಿಬಿ ಕೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಎರಡೂ ಬೇರೆ ಬೇರೆ ಕಂಪನಿಯವು ಇರಲಿ. ಒಂದೇ ದಿನ ತಯಾರಾದ ಜೋಡಿ ಡಿಸ್ಕ್‌ಗಳಲ್ಲಿ ಒಂದೇ ದೋಷ ಇರಬಹುದು, ಎರಡೂ ಒಟ್ಟಿಗೆ ಕೈ ಕೊಡಬಹುದು. ಎರಡೂ ಡಿಸ್ಕ್‌ಗೆ ಒಂದೇ ಫೈಲ್ ತಾನಾಗಿ ಬರೆಯುವ ರೇಡ್ ಹಾಕಿದರೆ ಆಯಿತಲ್ಲ ಅನ್ನುವವರಿದ್ದಾರೆ. ಡಿಸ್ಕ್ ಕೆಟ್ಟರೆ ರೇಡ್ ಕಾಯುತ್ತದೆ ನಿಜ. ಮಗು ಫೋಲ್ಡರ್ ಅಳಿಸಿದರೆ ಅದು ಎರಡೂ ಕಡೆ ಅಳಿಸಿ ಹೋಗುತ್ತದೆ. ಸಿಡಿಲು ಹೊಡೆದರೆ ಎರಡೂ ಸುಡುತ್ತವೆ.

ಅದಕ್ಕೆ ಎರಡನೆಯದು ಕಂಪ್ಯೂಟರ್‌ನಿಂದ ಬಿಚ್ಚಿ ಬೇರೆ ಮನೆಯಲ್ಲಿರಬೇಕು. ನಮ್ಮದು ಹಾವೇರಿಯಲ್ಲಿ ಅಕ್ಕನ ಮನೆಯಲ್ಲಿದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮೇಲೆ ತುಂಬಿಸಿದ ತಾರೀಖು ಬರೆದು ಇಟ್ಟಿದ್ದೇವೆ. ಪಂಚಮಿಗೆ ತವರಿಗೆ ಬರುವಾಗ ಉಂಡಿ ಡಬ್ಬಿಯ ಜೊತೆ ಅದನ್ನೂ ತರುತ್ತಾಳೆ. ಬಸ್ಸಿನಲ್ಲಿ ಚೀಲ ಕೆಳಗಿಡುವುದಿಲ್ಲ, ತೊಡೆ ಮೇಲೇ ಇಟ್ಟುಕೊಳ್ಳುತ್ತಾಳೆ. ಆ ವರ್ಷದ ಹೊಸ ಫೈಲ್‌ಗಳನ್ನು ಟೆರಾಕಾಪಿ ಅನ್ನುವ ಕಾಪಿ ತಂತ್ರಾಂಶದಲ್ಲಿ ತಾಳೆ ನೋಡುವ ಗುರುತು ಹಾಕಿ ತುಂಬಿಸುತ್ತೇನೆ. ಕಾಪಿ ಮುಗಿಯುವವರೆಗೆ ಅಪ್ಪ ಪಕ್ಕದಲ್ಲಿ ಕೂತು ಒಂದೊಂದೇ ಹಾಡು ಹಾಕಿಸಿಕೊಂಡು ಕೇಳುತ್ತಾರೆ.