ಜಾವಾ 250ರ ಅಳತೆಗಳನ್ನು ನಾನೇ ಕಂಡುಕೊಂಡ ಬಗೆ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಕೆ ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಒಂದು ಜಾವಾ 250 ನನ್ನ ಹತ್ತಿರ ಇದೆ. ಇದರ ಸ್ಪೆಸಿಫಿಕೇಶನ್ ಕೇಳಿದರೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಇಷ್ಟು ಹಳೇ ಗಾಡಿ ಎಷ್ಟೋ ಕೈ ದಾಟಿ ಬಂದಿರುತ್ತದೆ, ಒಳಗಿನ ಸಾಮಾನು ಎಷ್ಟೋ ಸಲ ಬದಲಾಗಿರುತ್ತದೆ. ಅದಕ್ಕೇ ನಾನು ಮೊದಲು ಗಾಡಿಯನ್ನು ಅಳೆದೆ, ಕೈಪಿಡಿ ತೆರೆದಿದ್ದು ಆಮೇಲೆ.

ಶುರು ಮಾಡಿದ್ದು ನಂಬರ್‌ಗಳಿಂದ. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡರ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆರ್‌ಸಿ ಜೊತೆ ಹೋಲಿಸಿ ನೋಡಿದೆ. ಎಂಜಿನ್ ಬದಲಾಗಿದ್ದರೆ ಮುಂದಿನ ಲೆಕ್ಕವೆಲ್ಲ ಬೇರೆಯೇ ಆಗುತ್ತದೆ ಅಲ್ವಾ?

ಆಮೇಲೆ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಬಿಚ್ಚಿದೆ. ಈ ಎಂಜಿನ್‌ನ ಬೋರ್ (ಸಿಲಿಂಡರಿನ ಒಳ ವ್ಯಾಸ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75 ಮಿ.ಮೀ. ಸ್ಟ್ರೋಕ್ ಅಳೆಯೋದು ಸುಲಭ. ಪಿಸ್ಟನ್ ಪೂರ್ತಿ ಮೇಲಿದ್ದಾಗ ಒಮ್ಮೆ, ಪೂರ್ತಿ ಕೆಳಗಿದ್ದಾಗ ಒಮ್ಮೆ ವರ್ನಿಯರ್ ಅನ್ನೋ ಅಳತೆ ಸಾಧನದ ಬಾಲದ ಕಡ್ಡಿಯನ್ನು ಸಿಲಿಂಡರ್ ಅಂಚಿನಿಂದ ಇಳಿಬಿಟ್ಟರೆ ಸಾಕು. ಎರಡರ ವ್ಯತ್ಯಾಸವೇ ಸ್ಟ್ರೋಕ್. ನನಗೆ ಸರಿಯಾಗಿ 75 ಬಂತು. ಬೋರ್ ಮಾತ್ರ 65.5 ತೋರಿಸಿತು. ಪಿಸ್ಟನ್ ತಲೆಯ ಮೇಲಿನ ಮಸಿಯನ್ನು ಮೆಲ್ಲಗೆ ಕೆರೆದಾಗ 0.50 ಅಂತ ಹೊಡೆದಿದ್ದು ಕಾಣಿಸಿತು. ಅಂದರೆ ಹಿಂದೆ ಯಾರೋ ಬೋರಿಂಗ್ ಮಾಡಿಸಿ, ಅಂದರೆ ಸವೆದ ಸಿಲಿಂಡರನ್ನು ಒಳಗಿಂದ ಕೊರೆಸಿ, ಅರ್ಧ ಮಿ.ಮೀ. ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕಿದ್ದಾರೆ. ಹೊಸದರಲ್ಲಿ ಸುಮಾರು 249 ಸಿಸಿ ಇದ್ದ ಎಂಜಿನ್, ಲೆಕ್ಕ ಹಾಕಿದರೆ ಈಗ 252 ದಾಟುತ್ತದೆ. ಓಡಿಸುವಾಗ ಅದು ಗೊತ್ತಾಗೋದಿಲ್ಲ. ಆದರೆ ಪಿಸ್ಟನ್ ಸುತ್ತ ಕೂರುವ ರಿಂಗ್ ತರೋಕೆ ಅಂಗಡಿಗೆ ಹೋದಾಗ ಗೊತ್ತಿರಲೇಬೇಕು. ಸುಮ್ನೆ "ಜಾವಾ ರಿಂಗ್ ಕೊಡಿ" ಅಂದರೆ ಸ್ಟ್ಯಾಂಡರ್ಡ್ ಸೈಜಿಂದು ಕೈಗೆ ಬರುತ್ತದೆ.

ಹೆಚ್ಚು ಹೊತ್ತು ಹಿಡಿದಿದ್ದು ಇಗ್ನಿಷನ್ ಟೈಮಿಂಗ್. ಬಲಗಡೆ ಕವರ್ ತೆಗೆದರೆ ಕರೆಂಟು ಹುಟ್ಟಿಸುವ ಡೈನಮೋ, ಅಲ್ಲೇ ಪಾಯಿಂಟ್, ಅಂದರೆ ತೆರೆದಾಗ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು. ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ 0.4 ಮಿ.ಮೀ. ಇರಬೇಕು, ಅದನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ನೋಡಿಕೊಂಡೆ. ಪಿಸ್ಟನ್ ಮೇಲಕ್ಕೆ ಬರೋಕೆ ಎಷ್ಟು ಮಿ.ಮೀ. ಬಾಕಿ ಇರುವಾಗ ಕಿಡಿ ಹಾರಬೇಕು ಅನ್ನೋದೇ ಟೈಮಿಂಗ್. ಪಾಯಿಂಟ್ ತೆರೆಯುವ ಕ್ಷಣ ಹಿಡಿಯೋಕೆ ಹಳೇ ಮೆಕ್ಯಾನಿಕ್‌ಗಳು ಸಿಗರೇಟಿನ ತೆಳು ಕಾಗದ ಬಳಸುತ್ತಾರೆ. ನಾನೂ ಹಾಗೇ ಮಾಡಿದೆ. ಕಾಗದವನ್ನು ಪಾಯಿಂಟ್ ಮಧ್ಯೆ ಸಿಕ್ಕಿಸಿ ಹಗುರವಾಗಿ ಎಳೆದು ಹಿಡಿದುಕೊಂಡು ಎಂಜಿನ್ ತಿರುಗಿಸುತ್ತಾ ಬಂದರೆ, ಒಂದು ಕಡೆ ಅದು ಹರಿಯದೆ ಜಾರಿ ಕೈಗೆ ಬರುತ್ತದೆ. ಅಲ್ಲಿ ನಿಲ್ಲಿಸಿ ಪಿಸ್ಟನ್ ಎಷ್ಟು ಕೆಳಗಿದೆ ಅಂತ ಅಳೆಯಬೇಕು. ಈ ಕಾಗದದ ಉಪಾಯದ ಮೇಲೆ ನನಗೆ ತುಂಬಾ ನಂಬಿಕೆ. ದುಬಾರಿ ಸಲಕರಣೆ ಬೇಕಾಗಿಲ್ಲ.

ಎಣ್ಣೆಯ ಲೆಕ್ಕ ಬಾಯಿಪಾಠ ಇರಲಿ: ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ ಆಯಿಲ್, ಅಂದರೆ 1:25. ಇದು ಟೂ ಸ್ಟ್ರೋಕ್. ಪಿಸ್ಟನ್ನಿಗೆ ಎಣ್ಣೆ ಸಿಗೋದು ಪೆಟ್ರೋಲಿನ ಜೊತೆಗೇ. ಹೊಗೆ ಜಾಸ್ತಿ ಅಂತ ಆಯಿಲ್ ಕಡಿಮೆ ಮಾಡಿದರೆ ಪಿಸ್ಟನ್ ಜಾಮ್ ಆಗುತ್ತದೆ. ಗೇರ್‌ಬಾಕ್ಸ್ ಆಯಿಲ್ ಬೇರೆ, ಕ್ಲಚ್ ಪ್ಲೇಟ್‌ಗಳೂ ಅದರಲ್ಲೇ ನೆನೆದಿರುತ್ತವೆ. ತಪ್ಪು ಆಯಿಲ್ ಹಾಕಿದರೆ ಮೊದಲು ಜಾರೋದು ಕ್ಲಚ್ಚು.

ಟೈರ್ ಎರಡೂ 3.25-16, ಅದನ್ನು ಟೈರ್ ಮೇಲೇ ಓದಬಹುದು. ಹಾರ್ಸ್‌ಪವರ್ ಮನೆಯಲ್ಲಿ ಅಳೆಯೋಕಾಗಲ್ಲ, ಅದನ್ನು ನಾನು ಬರೆದಿಟ್ಟಿಲ್ಲ.

ಕರೆಂಟಿನ ಅಂಕಿ ಮಾತ್ರ ಬಿಡುವಂಥದ್ದಲ್ಲ. ಡೈನಮೋ 6 ವೋಲ್ಟ್, 45 ವಾಟ್. ಅಂದರೆ ಹೆಚ್ಚೆಂದರೆ 7.5 ಆಂಪಿಯರ್. ಹೆಡ್‌ಲೈಟು, ಹಿಂದಿನ ಲೈಟು, ಬ್ಯಾಟರಿ ಚಾರ್ಜು, ಹಾರ್ನು, ಇಗ್ನಿಷನ್ ಎಲ್ಲ ಅಷ್ಟರಲ್ಲೇ ಆಗಬೇಕು. ಬೆಳಕು ಸಾಲದು ಅಂತ 60 ವಾಟಿನ ಬಲ್ಬ್ ಹಾಕಿಸಿಕೊಂಡವರ ಗಾಡಿ ರಾತ್ರಿ ದಾರಿಯಲ್ಲಿ ನಿಲ್ಲೋದು ಇದಕ್ಕೇ. ಬಲ್ಬ್ ಬದಲಿಸುವ ಮುಂಚೆ ರಿಫ್ಲೆಕ್ಟರ್ ಒರೆಸಿ, ಅರ್ತ್ ವೈರ್ ಕೂರುವ ಜಾಗದ ತುಕ್ಕನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ನೋಡಿ. ನನ್ನ ಗಾಡಿಗೆ ಅಷ್ಟೇ ಸಾಕಾಯಿತು.